ಆರ್‌ಎಕ್ಸ್ 100ಕ್ಕೆ ಹೊಸ ಫೋರ್ಕ್: ಅಳತೆ ಮೊದಲು, ಖರೀದಿ ಆಮೇಲೆ

ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರ ದೂರು ಒಂದೇ: ಓಡುತ್ತದೆ, ನಿಲ್ಲುವುದಿಲ್ಲ. 98 ಸಿಸಿ ಟೂ ಸ್ಟ್ರೋಕ್ ಇಂಜಿನ್, ಸುಮಾರು 11 ಬಿಎಚ್‌ಪಿ, ತೂಕ ನೂರು ಕೆಜಿ ಆಸುಪಾಸು. ಮುಂದಿರುವುದು ಮಾತ್ರ ಪುಟ್ಟ ಡ್ರಮ್ ಬ್ರೇಕು. 1996ರಲ್ಲಿ ತಯಾರಿ ನಿಂತ ಬೈಕು ಬೇರೆ. ಹಾಗಾಗಿ ಡಿಸ್ಕ್ ಬ್ರೇಕಿರುವ ಹೊಸ ಬೈಕಿನ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಎರಡು ಸ್ಪ್ರಿಂಗ್ ಕಾಲು) ತಂದು ಹಾಕಿಸುವ ಹುಚ್ಚು ಬೆಂಗಳೂರಲ್ಲಿ ಜೋರಾಗಿದೆ. ಹಾಕಿಸಿದ ಮೇಲೆ ಹ್ಯಾಂಡಲ್ ನಡುಗುತ್ತದೆ, ಟ್ಯಾಂಕಿಗೆ ತಾಗುತ್ತದೆ, ಬ್ರೇಕ್ ಹಿಡಿದರೆ ಟಕ್ ಅನ್ನುತ್ತದೆ ಅಂತ ಗ್ಯಾರೇಜಿಂದ ಗ್ಯಾರೇಜಿಗೆ ಅಲೆಯುವವರನ್ನು ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಯಾವ ಫೋರ್ಕ್ ಅನ್ನುವುದು. ಎಲ್ಲರ ಕಣ್ಣು ಯಮಹಾದ್ದೇ ಎಫ್‌ಝಡ್ ಬೈಕಿನ 41 ಎಂಎಂ ದಪ್ಪ ಫೋರ್ಕಿನ ಮೇಲೆ. ನನ್ನ ಮಾತು ಕೇಳುವುದಾದರೆ ಬೇಡ. ಅದು ಭಾರದ ಬೈಕಿಗೆ ಮಾಡಿದ್ದು, ಆರ್‌ಎಕ್ಸ್‌ನಂಥ ಹಗುರ ಬೈಕಿನಲ್ಲಿ ಸ್ಪ್ರಿಂಗ್ ಕುಗ್ಗುವುದೇ ಇಲ್ಲ. ಸ್ಪ್ರಿಂಗ್ ಒಂದೆರಡು ಸುತ್ತು ಕತ್ತರಿಸಿದರೆ ಮೆತ್ತಗಾಗುತ್ತದೆ ಅಂತ ಹೇಳುವವರಿದ್ದಾರೆ, ನಂಬಬೇಡಿ. ಸುತ್ತು ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿಯೇ ಆಗುತ್ತದೆ. 125ರಿಂದ 150 ಸಿಸಿ ಬೈಕಿನ ಸಾದಾ ಡಿಸ್ಕ್ ಫೋರ್ಕ್ ಸಾಕು. ಕೊಳ್ಳುವಾಗ ಇಡೀ ಸೆಟ್ ಒಂದೇ ಬೈಕಿನದ್ದಾಗಿರಲಿ: ಎರಡು ಕಾಲು, ಅವನ್ನು ಜೋಡಿಸಿ ಹಿಡಿಯುವ ಮೇಲಿನ ಟಿ ಮತ್ತು ಕೆಳಗಿನ ಟಿ, ಚಕ್ರ, ಅದರ ಆಕ್ಸಲ್, ಬುಷ್, ಡಿಸ್ಕ್ ಅದುಮುವ ಕ್ಯಾಲಿಪರ್, ಬ್ರೇಕ್ ಲಿವರಿನ ಮಾಸ್ಟರ್ ಸಿಲಿಂಡರ್. ಒಂದೊಂದನ್ನು ಒಂದೊಂದು ಕಡೆಯಿಂದ ತಂದರೆ ಉಳಿಸಿದ ದುಡ್ಡಿನ ಎರಡರಷ್ಟು ಲೇತ್ ಕೆಲಸದ ಟರ್ನರ್‌ಗೆ ಹೋಗುತ್ತದೆ. ಶಿವಾಜಿನಗರದ ಗುಜರಿಯಲ್ಲಿ ತಗೊಳ್ಳುವವರು ಕೆಳಗಿನ ಟಿ ಹಿಡಿದಿದ್ದ ಜಾಗದ ಸ್ವಲ್ಪ ಕೆಳಗೆ ಪೈಪಿನ ಕ್ರೋಮ್ ನೋಡಿ. ಸುಕ್ಕಿದ್ದರೆ ಅದು ಗುದ್ದಿಸಿಕೊಂಡು ಬೆಂಡ್ ತೆಗೆಸಿದ ಮಾಲು, ಅಲ್ಲೇ ಬಿಟ್ಟು ಬನ್ನಿ.

ಮುಂದಿನ ಚಕ್ರ 18ರಿಂದ 17 ಇಂಚಿಗೆ ಇಳಿದರೆ ಬೈಕ್ ಕುಳ್ಳಗಾಗುತ್ತದೆ ಅನ್ನುವ ಭಯ ಬೇಡ. ಹಳೆಯ 2.50-18 ಟೈರಿನ ವ್ಯಾಸ ಲೆಕ್ಕದಲ್ಲಿ ಸುಮಾರು 584 ಎಂಎಂ, 90/90-17 ಟೈರಿನದ್ದು 594 ಎಂಎಂ. ನೋಡಬೇಕಾದ್ದು ಫೋರ್ಕಿನ ಉದ್ದ. ಆಕ್ಸಲ್ ನಡುವಿನಿಂದ ಕೆಳಗಿನ ಟಿವರೆಗೆ ಎರಡನ್ನೂ ಅಳೆಯಿರಿ. ಹೊಸದು ಗಿಡ್ಡ ಇದ್ದರೆ ಮುಂಭಾಗ ಬಗ್ಗಿ ವೇಗದಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ. ಉದ್ದ ಇದ್ದರೆ ಪೈಪನ್ನು ಟಿ ಒಳಗೆ ಒಂದಿಷ್ಟು ಮೇಲೆ ಸರಿಸಿಕೊಳ್ಳಬಹುದು, ಆದರೆ ಪೂರ್ತಿ ಕುಗ್ಗಿದಾಗ ಟೈರು ಮಡ್‌ಗಾರ್ಡಿಗೋ ಟಿಗೋ ಬಡಿಯುತ್ತದಾ ಅಂತ ಸ್ಪ್ರಿಂಗ್ ತೆಗೆದು ಒತ್ತಿ ನೋಡಿಯೇ ಮುಂದುವರಿಯಿರಿ.

ಈಗ ಎಲ್ಲರೂ ಕೆಡಿಸುವ ಜಾಗ, ಸ್ಟೆಮ್. ಕೆಳಗಿನ ಟಿಯಿಂದ ಎದ್ದು ಚಾಸಿಸ್ಸಿನ ಕತ್ತಿನೊಳಗೆ ಹೋಗುವ ರಾಡಿದು. ಹೊಸ ಟಿಯ ಸ್ಟೆಮ್ ನಿಮ್ಮ ಕತ್ತಿಗೆ ಹೊಂದುವುದು ಅಪರೂಪ. ವರ್ನಿಯರ್ ಹಿಡಿದು ನಾಲ್ಕು ಅಳತೆ ಬರೆದುಕೊಳ್ಳಿ: ಕತ್ತಿನ ಉದ್ದ, ಕಪ್ (ಬೇರಿಂಗಿನ ಹೊರ ಬಳೆ) ಕೂರುವ ತೂತಿನ ವ್ಯಾಸ ಮೇಲೆ ಮತ್ತು ಕೆಳಗೆ, ಸ್ಟೆಮ್‌ನಲ್ಲಿ ಕೋನ್ (ಒಳ ಬಳೆ) ಕೂರುವ ಜಾಗದ ವ್ಯಾಸ ಹಾಗೇ ಮೇಲೆ ಮತ್ತು ಕೆಳಗೆ, ಕೋನ್ ಕೂರುವಲ್ಲಿಂದ ಥ್ರೆಡ್‌ವರೆಗಿನ ಉದ್ದ. ಹಳೇ ಚಾಸಿಸ್ಸಿನ ಕಪ್, ಹೊಸ ಸ್ಟೆಮ್ಮಿನ ಕೋನು, ನಡುವೆ ಕೈಗೆ ಸಿಕ್ಕ ಬಾಲ್ಸು ಹಾಕಿ ಟೈಟ್ ಮಾಡುವುದು ತೀರಾ ಕೆಟ್ಟ ಅಡ್ಡದಾರಿ. ಕಪ್‌ನ ಬಾಗು ಬೇರೆ, ಕೋನಿನ ಬಾಗು ಬೇರೆ, ಬಾಲ್ಸು ಗೀರಿನ ಮೇಲೆ ನಿಂತು ಸ್ವಲ್ಪ ದಿನದಲ್ಲೇ ಗುಳಿ ಬೀಳಿಸುತ್ತವೆ. ಅದರ ಬದಲು ಓರೆ ಉರುಳೆಗಳಿರುವ ಟೇಪರ್ ರೋಲರ್ ಬೇರಿಂಗ್ ಹಾಕಿ. ಒಳವ್ಯಾಸ ಸ್ಟೆಮ್ಮಿಗೆ, ಹೊರವ್ಯಾಸ ಚಾಸಿಸ್ಸಿಗೆ ಅಂತ ಹೇಳಿದರೆ ಒಳ್ಳೆ ಬೇರಿಂಗ್ ಅಂಗಡಿಯವರು ಕ್ಯಾಟಲಾಗ್ ನೋಡಿ ಕೊಡುತ್ತಾರೆ. ಬೇರಿಂಗ್ ಎತ್ತರ ಹಳೇ ಸೆಟ್‌ಗಿಂತ ಜಾಸ್ತಿ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಿಗಲಿಲ್ಲ ಅಂದರೆ ಕತ್ತನ್ನು ಕೊರೆಯಲು ಹೋಗಬೇಡಿ, ಸ್ಟೆಮ್ ಬದಲಿಸಿ.

ಸ್ಟೆಮ್ ಉದ್ದವಾಗಿ ಥ್ರೆಡ್ ಮೇಲೇ ಉಳಿದರೆ ಬೇರಿಂಗಿಗೂ ನಟ್ಟಿಗೂ ನಡುವೆ ಲೇತ್‌ನಲ್ಲಿ ಮಾಡಿಸಿದ ಸ್ಪೇಸರ್ ಹಾಕಿದರೆ ಆಯಿತು. ಗಿಡ್ಡವಾಗಿ ಮೇಲಿನ ನಟ್ಟು ಎರಡೇ ಥ್ರೆಡ್ ಹಿಡಿದರೆ ಅದರ ಮೇಲೆ ಜೀವ ಇಡಬೇಡಿ. ಒಳ್ಳೆ ಟರ್ನರ್ ಹತ್ತಿರ ಹೋಗಿ ಹೊಸ ಸ್ಟೆಮ್ ಮಾಡಿಸಿ ಪ್ರೆಸ್‌ನಲ್ಲಿ ಕೂರಿಸಿ. ಇಎನ್ 24 ಅನ್ನುವ ಗಟ್ಟಿ ಉಕ್ಕಿನ ರಾಡೇ ಬೇಕು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸುಮ್ನೆ ಮೂಲೆಯಲ್ಲಿ ಬಿದ್ದಿರುವ ಎಂಎಸ್ (ಸಾದಾ ಮೆತ್ತನೆ ಉಕ್ಕು) ರಾಡು ತಿರುಗಿಸಿಬಿಡುತ್ತಾರೆ. ಎರಡು ಅರ್ಧ ಸ್ಟೆಮ್ ಸೇರಿಸಿ ವೆಲ್ಡ್ ಮಾಡಿ, ಗ್ರೈಂಡ್ ಹೊಡೆದು, ಪೇಂಟ್ ಬಳಿದು ಕೊಟ್ಟವರನ್ನೂ ನೋಡಿದ್ದೇನೆ. ಅದು ಮುರಿದರೆ ಕೈಯಲ್ಲಿ ಹ್ಯಾಂಡಲ್ ಮಾತ್ರ ಇರುತ್ತದೆ. ಕತ್ತಿನ ವೆಲ್ಡಿಂಗ್ ಸುತ್ತ ಪೇಂಟ್ ಕೆರೆದು ಬಿರುಕಿದೆಯಾ ಅಂತ ಇದೇ ಹೊತ್ತಿಗೆ ನೋಡಿಕೊಳ್ಳಿ. ಡ್ರಮ್ಮಿಗಿಂತ ಡಿಸ್ಕ್ ಆ ಜಾಗವನ್ನು ಜಾಸ್ತಿ ಎಳೆಯುತ್ತದೆ.

ಬೇರಿಂಗಿನ ಕಪ್‌ಗಳನ್ನು ರಾತ್ರಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಕೂರಿಸಿ. ಉದ್ದ ಬೋಲ್ಟು, ದಪ್ಪ ವಾಷರ್ ಹಾಕಿ ಎಳೆದು ಕೂರಿಸಬೇಕು, ಸುತ್ತಿಗೆ ದೂರ ಇರಲಿ. ಗ್ರೀಸ್ ತುಂಬಿ ಅಡ್ಜಸ್ಟಿಂಗ್ ನಟ್ಟನ್ನು ಬಿಗಿ ಅನ್ನಿಸುವಷ್ಟು ತಿರುಗಿಸಿ, ಹ್ಯಾಂಡಲನ್ನು ಆ ಕಡೆ ಈ ಕಡೆ ಹಲವು ಸಲ ಪೂರ್ತಿ ಆಡಿಸಿ, ನಟ್ಟು ಸಡಿಲಿಸಿ, ಆಮೇಲೆ ಆಟ ಹೋಗುವಷ್ಟು ಮಾತ್ರ ಬಿಗಿ ಮಾಡಿ. ಮುಂದಿನ ಚಕ್ರ ನೆಲ ಬಿಟ್ಟಿರಲಿ. ಫೋರ್ಕಿನ ತುದಿ ಹಿಡಿದು ಹಿಂದೆ ಮುಂದೆ ಜಗ್ಗಿದರೆ ಟಕ್ ಅನ್ನಬಾರದು. ಹ್ಯಾಂಡಲ್ ನಡುವಿನಿಂದ ತುಸು ಸರಿಸಿ ಬಿಟ್ಟರೆ ತಾನಾಗೇ ಪಕ್ಕಕ್ಕೆ ಬೀಳಬೇಕು. ನಡುವೆ ಸಿಕ್ಕಿಕೊಂಡರೆ ಬಿಗಿ ಜಾಸ್ತಿ. ಹಾಗೇ ಬಿಟ್ಟರೆ ನಿಧಾನಕ್ಕೆ ಹೋಗುವಾಗ ಬೈಕ್ ಕುಡಿದವರ ಥರ ತೂರಾಡುತ್ತದೆ. ಮೇಲಿನ ದೊಡ್ಡ ನಟ್ಟು ಬಿಗಿದ ಮೇಲೆ ಈ ಎರಡೂ ಪರೀಕ್ಷೆ ಮತ್ತೆ ಮಾಡಿ, ಆಗ ಬಿಗಿ ಬದಲಾಗಿರುತ್ತದೆ.

ಇನ್ನು ಉಳಿದದ್ದು ಸುಲಭ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫೋರ್ಕ್ ಟ್ಯಾಂಕಿಗೆ ತಾಗಿದರೆ ಕೆಳಗಿನ ಟಿಯ ಸ್ಟಾಪರ್ ಸರಿಮಾಡಿಸಿ. ಎರಡೂ ಕಾಲಿಗೆ ಫೋರ್ಕ್ ಆಯಿಲ್ ಸಮ ಅಳತೆಯಲ್ಲಿರಲಿ, ಇಂಜಿನ್ನಿಂದ ಇಳಿಸಿದ ಕಪ್ಪು ಆಯಿಲ್ ಸುರಿಯುವ ಮೆಕ್ಯಾನಿಕ್ಕಿಗೆ ಕೈಮುಗಿದು ಎದ್ದು ಬನ್ನಿ. ಬ್ರೇಕ್ ಹೋಸ್ ಹ್ಯಾಂಡಲ್ ತಿರುಗಿದಾಗ ಎಳೆಯಬಾರದು. ಸ್ಪೀಡೋ ಕೇಬಲ್ಲಿನದ್ದಾದ್ದರಿಂದ, ಸೆನ್ಸರ್ ಇರುವ ಚಕ್ರ ತಂದಿದ್ದರೆ ಮೀಟರ್ ಸತ್ತಿತು ಅಂತಲೇ ಲೆಕ್ಕ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಕೆಲಸ ಶುರು ಮಾಡುವ ಮುಂಚೆ ಆರ್‌ಟಿಒದಲ್ಲೂ ಇನ್ಶೂರೆನ್ಸ್‌ನವರಲ್ಲೂ ವಿಚಾರಿಸಿ. ಬಿಚ್ಚಿದ ಹಳೇ ಫೋರ್ಕು, ಡ್ರಮ್ ಚಕ್ರ, ಟಿ ಯಾವುದನ್ನೂ ಮಾರಬೇಡಿ. ಆಯಿಲ್ ಸವರಿ ಗೋಣಿಚೀಲದಲ್ಲಿ ಸುತ್ತಿಡಿ. ನಾಳೆ ಗಾಡಿ ಮಾರಲು ಹೊರಟರೆ ಮೊದಲು ಕೇಳುವುದೇ ಒರಿಜಿನಲ್ ಫೋರ್ಕ್ ಎಲ್ಲಿ ಅಂತ.