ಹಡಗು ಹತ್ತಿ ಹೋದ ನಮ್ಮವರನ್ನ ಹಳೇ ಲಿಸ್ಟಲ್ಲಿ ಹುಡ್ಕೋದು ಹೇಗೆ

ನಮ್ಮ ಅಜ್ಜಿಯ ಅಣ್ಣ ಒಬ್ರು ಕುಂದಾಪುರ ಕಡೆಯಿಂದ ಬೊಂಬಾಯಿಗೆ ಬಂದು ಇಲ್ಲಿಂದ ಹಡಗು ಹತ್ತಿದವರು, ಊರಿಗೆ ವಾಪಸ್ ಬಂದದ್ದು ಎರಡೇ ಸಲ, ಮೂರನೇ ಸಲ ಬರ್ಲೇ ಇಲ್ಲ. ಅಮ್ಮ ಅವ್ರನ್ನ ದೊಡ್ಡ ಮಾವ ಅಂತಾರೆ. ಅಜ್ಜಿ ಡೊಂಬಿವ್ಲಿ ಚಾಳಲ್ಲಿ ಕೂತು "ಅಣ್ಣ ಅಮೆರಿಕಕ್ಕೆ ಹೋಗಿದ್ದ" ಅಂತ ಹೇಳ್ತಾ ಇದ್ದದ್ದನ್ನ ನಂಬಿ ನಾನು ಎರಡು ವರ್ಷ ನ್ಯೂಯಾರ್ಕಿನ ಪ್ಯಾಸೆಂಜರ್ ಲಿಸ್ಟ್ ಜಾಲಾಡಿದೆ, ಸಿಗ್ಲಿಲ್ಲ, ಯಾಕಂದ್ರೆ ಅವ್ರು ಪ್ಯಾಸೆಂಜರ್ ಆಗಿ ಹೋಗೇ ಇರ್ಲಿಲ್ಲ, ಹಡಗಲ್ಲಿ ಕೆಲಸಕ್ಕಿದ್ರು.

ಹಾಗಾಗಿ ಹುಡ್ಕೋಕೆ ಶುರು ಮಾಡೋ ಮೊದ್ಲು ಯಾವ ದೇಶ ಅಂತ ಕೇಳ್ಬೇಡಿ, ಹೇಗೆ ಹತ್ತಿದ್ರು ಅಂತ ಕೇಳಿ. ಕರಾರು ಕೂಲಿಯಾಗಿ, ಅಂದ್ರೆ ಇಷ್ಟು ವರ್ಷ ದುಡೀತೀನಿ ಅಂತ ಬರ್ಕೊಟ್ಟು ಹೋದ್ರಾ, ಸ್ವಂತ ಟಿಕೆಟ್ ತಗೊಂಡ್ರಾ, ಇಲ್ಲಾ ಹಡಗಿನ ಕೆಲಸಕ್ಕೆ ಸೇರಿದ್ರಾ? ಮೂರಕ್ಕೂ ಪುಸ್ತಕವೇ ಬೇರೆ. ಮನೇಲಿ ಹಿರಿಯರ ಹತ್ರ ಕೂತು ಖರ್ಚಿಗೆ ದುಡ್ಡು ಯಾರು ಕೊಟ್ರು, ಎಷ್ಟು ಸಮಯಕ್ಕೊಮ್ಮೆ ಬರ್ತಿದ್ರು, ಮನಿಯಾರ್ಡರ್ ಎಲ್ಲಿಂದ ಬರ್ತಿತ್ತು ಅಂತ ಕೇಳಿ. ಒಂದೆರಡು ವರ್ಷಕ್ಕೊಮ್ಮೆ ಬಂದು ನಾಲ್ಕು ತಿಂಗಳು ಕೂತು ಮತ್ತೆ ಹೋಗ್ತಿದ್ರು ಅಂದ್ರೆ ಅದು ಹೆಚ್ಚಾಗಿ ಹಡಗಿನ ನೌಕರಿ. ಹಳೇ ಟ್ರಂಕ್ ಇದ್ರೆ ತಳದ ಪೇಪರ್ ಎತ್ತಿ ನೋಡಿ, ಸಿಡಿಸಿ, ಅಂದ್ರೆ ನಾವಿಕರ ಸರ್ವಿಸ್ ಬರೆದಿರೋ ಪುಸ್ತಕ ಇರ್ಬಹುದು, ನಾವಿಕರ ನೇಮಕ ನೋಡ್ಕೊಳ್ತಿದ್ದ ಸರ್ಕಾರಿ ಅಧಿಕಾರಿ ಶಿಪ್ಪಿಂಗ್ ಮಾಸ್ಟರ್ ಸ್ಟಾಂಪ್ ಇರೋ ಒಂದು ಹರಕು ಚೀಟಿ ಸಿಕ್ಕಿದ್ರೂ ಸಾಕು.

ಕರಾರು ಕೂಲಿ ಆಗಿದ್ರೆ ನಮ್ಮ ಮುಂಬೈಯವರು ಮಾಡೋ ತಪ್ಪು ಒಂದಿದೆ, ಬೊಂಬಾಯಿ ಬಂದರನ್ನೇ ಹಿಡ್ಕೊಂಡು ಕೂರೋದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರೆಸಿಡೆನ್ಸಿ, ಉತ್ತರ ಕನ್ನಡ ಮಾತ್ರ 1862ರಲ್ಲಿ ಬೊಂಬಾಯಿಗೆ ಸೇರಿದ್ದು. ನಟಾಲಿಗೆ, ಅಂದ್ರೆ ದಕ್ಷಿಣ ಆಫ್ರಿಕದ ಡರ್ಬನ್ ಕಡೆಗೆ, ಕೂಲಿ ಹಡಗು ಬಿಡ್ತಿದ್ದದ್ದು ಮದ್ರಾಸ್, ಕಲ್ಕತ್ತಾದಿಂದ. ಮೊದಲನೇದು ಟ್ರೂರೊ ಅಂತ, 1860ರ ನವೆಂಬರ್ 16ಕ್ಕೆ ಡರ್ಬನ್ ಮುಟ್ತು, 1911ರ ಒಳಗೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಹೋದ್ರು. ಫಿಜಿಯನ್ನ ಮೊದಲ ಕೂಲಿ ಹಡಗು ಲಿಯೊನಿಡಾಸ್ 1879ರ ಮೇ ತಿಂಗಳಲ್ಲಿ ಮುಟ್ತು, ಅಲ್ಲಿಯ ಎಮಿಗ್ರೇಷನ್ ಪಾಸಲ್ಲಿ ಹೆಸ್ರು, ತಂದೆ ಹೆಸ್ರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲಾ ಇರುತ್ತೆ. ಮಾರಿಷಸ್ಸಿನದ್ದಾದ್ರೆ ಮೋಕಾದಲ್ಲಿರೋ ಮಹಾತ್ಮಾ ಗಾಂಧಿ ಇನ್‌ಸ್ಟಿಟ್ಯೂಟಿನ ಆರ್ಕೈವ್ಸಲ್ಲಿದೆ, ಕೆಲವ್ರದ್ದು ಫೋಟೋ ಕೂಡ ಇದೆ. ಈ ಲಿಸ್ಟುಗಳಲ್ಲಿ ಹೆಸರಿಗಿಂತ ನಂಬರ್ ಮುಖ್ಯ, ಪ್ರತಿಯೊಬ್ಬರಿಗೂ ಕೊಟ್ಟ ಆ ನಂಬರೇ ಆಮೇಲಿನ ಸರ್ಕಾರಿ ಕಾಗದಗಳಲ್ಲೂ ಬರುತ್ತೆ, ಅದು ಸಿಕ್ಕಿದ್ರೆ ಮೊದ್ಲು ಬರ್ಕೊಳ್ಳಿ.

ಸ್ವಂತ ಟಿಕೆಟಲ್ಲಿ ಇಂಗ್ಲೆಂಡಿಗೆ ಹೋದವ್ರದ್ದು ಲಂಡನ್ನಿನ ಕ್ಯೂ ಅನ್ನೋ ಜಾಗದ ನ್ಯಾಷನಲ್ ಆರ್ಕೈವ್ಸಲ್ಲಿ ಬಿಟಿ 26 ಅನ್ನೋ ದಾಖಲೆ ಸರಣಿಯಲ್ಲಿದೆ, 1878ರಿಂದ 1960, ಆನ್ಸೆಸ್ಟ್ರಿ ಅನ್ನೋ ವೆಬ್‌ಸೈಟಲ್ಲಿ ನೋಡ್ಬಹುದು. ಆದ್ರೆ ತುಂಬಾ ಜನ ಮಾರ್ಸೇಲ್ಸಲ್ಲೇ ಇಳ್ದು ರೈಲಲ್ಲಿ ಲಂಡನ್ನಿಗೆ ಹೋಗ್ತಿದ್ರು, ಅಂಥವ್ರು ಈ ಲಿಸ್ಟಲ್ಲಿ ಸಿಗೋಲ್ಲ. ಆಗ ಬಿಟಿ 27 ನೋಡಿ, ಅದು ಅಲ್ಲಿಂದ ಹೊರಟವ್ರದ್ದು, 1890ರಿಂದ ಇದೆ, ಓದು ಮುಗ್ಸಿ ಬೊಂಬಾಯಿಗೆ ವಾಪಸ್ ಹೊರಟವ್ರು ಅದ್ರಲ್ಲಿ ಸಿಗ್ಬಹುದು.

ಇನ್ನು ಹಡಗಿನ ಕೆಲಸದವ್ರು, ನಮ್ಮ ಕರಾವಳಿ ಮನೆಗಳಲ್ಲಿ ಇದೇ ಜಾಸ್ತಿ ಅಂತ ನನಗನ್ಸುತ್ತೆ. ನ್ಯೂಯಾರ್ಕಿನ 1897ರಿಂದ 1957ರವರೆಗಿನ ಲಿಸ್ಟುಗಳ ಹೆಸರೇ ಪ್ಯಾಸೆಂಜರ್ ಅಂಡ್ ಕ್ರ್ಯೂ ಲಿಸ್ಟ್ಸ್, ಹಾಗಾಗಿ ಪ್ಯಾಸೆಂಜರ್ ಪುಟ ಮುಗೀತು ಅಂತ ಮುಚ್ಬೇಡಿ, ಮುಂದಕ್ಕೆ ಹೋಗ್ತಾ ಇರಿ. ಫ್ಯಾಮಿಲಿಸರ್ಚ್ ಅನ್ನೋ ವೆಬ್‌ಸೈಟಲ್ಲಿ ಅಕೌಂಟ್ ಮಾಡ್ಕೊಂಡ್ರೆ ದುಡ್ಡಿಲ್ಲದೆ ಹುಡ್ಕಬಹುದು. ಕ್ರ್ಯೂ ಲಿಸ್ಟಲ್ಲಿ ಏನು ಕೆಲಸ, ಸಮುದ್ರದಲ್ಲಿ ಎಷ್ಟು ವರ್ಷದ ಸರ್ವಿಸ್, ಯಾವ ಬಂದರಲ್ಲಿ ಯಾವಾಗ ಸೇರಿದ್ದು, ವಯಸ್ಸು, ಎತ್ತರ, ತೂಕ ಇಷ್ಟೂ ಇರುತ್ತೆ. ನಮ್ಮ ಮನೇಲಿ ದೊಡ್ಡ ಮಾವನ ಒಂದು ಫೋಟೋನೂ ಇಲ್ಲ, ಅವ್ರು ಐದಡಿ ಮೂರಿಂಚು ಇದ್ರು ಅಂತ ಅಮ್ಮನಿಗೆ ಗೊತ್ತಾದದ್ದು ಅದ್ರಿಂದಲೇ, ಅಮ್ಮ ಎದ್ದು ಹೋಗಿ ಗೋಡೆಗೆ ಕೈಯಿಟ್ಟು ಅಳತೆ ನೋಡಿದ್ರು.

ಇಲ್ಲಿ ಒಂದು ದೊಡ್ಡ ಗೊಂದಲ ಇದೆ ಮಾರಾಯ್ರೆ, ಹುಷಾರಾಗಿರಿ. ಹಡಗಲ್ಲಿ ಭಂಡಾರಿ ಅಂದ್ರೆ ಖಲಾಸಿಗಳಿಗೆ ಅಡುಗೆ ಮಾಡೋನು. ನಮ್ಮಲ್ಲಿ ಅದು ಮನೆತನದ ಹೆಸ್ರು. ಲಿಸ್ಟಲ್ಲಿ ಭಂಡಾರಿ ಅಂತ ಕಂಡ್ರೆ ಅದು ಯಾವ ಕಾಲಮ್ಮಲ್ಲಿದೆ ನೋಡಿ, ಸೆರಾಂಗ್ (ಖಲಾಸಿಗಳ ಮುಖ್ಯಸ್ಥ), ಟಿಂಡಾಲ್ (ಅವನ ಕೈಕೆಳಗಿನವ) ಅಂತ ಬೇರೆಯವ್ರಿಗೆ ಬರೆದ ಕಾಲಮ್ಮಲ್ಲೇ ಇದ್ರೆ ಅದು ಕೆಲಸ, ಹೆಸರಲ್ಲ. ನಾನು ಇದನ್ನ ತಿಳೀದೆ ನಮ್ಮವ್ರಲ್ಲ ಅಂತ ದೊಡ್ಡ ಮಾವನ ಸಾಲನ್ನೇ ಒಮ್ಮೆ ದಾಟಿ ಹೋಗಿದ್ದೆ.

ಹೆಸ್ರಿನ ಸ್ಪೆಲ್ಲಿಂಗ್ ಬಗ್ಗೆ ಹೇಳಿದ್ರೆ ಮುಗಿಯೋಲ್ಲ. ನ್ಯೂಯಾರ್ಕಿಗೆ ಬಂದವ್ರನ್ನ ತಪಾಸಣೆ ಮಾಡ್ತಿದ್ದ ಎಲಿಸ್ ಐಲೆಂಡಲ್ಲಿ ಹೆಸ್ರು ಬದಲಾಯಿಸ್ತಿದ್ರು ಅನ್ನೋದು ತಪ್ಪು, ಪ್ಯಾಸೆಂಜರ್ ಲಿಸ್ಟ್ ಬರೀತಿದ್ದದ್ದು ಹೊರಡೋ ಬಂದರಲ್ಲಿ, ಹಡಗು ಕಂಪನಿ ಗುಮಾಸ್ತರು ಕಿವಿಗೆ ಬಿದ್ದ ಹಾಗೆ. ಶೆಟ್ಟಿ ಅನ್ನೋದು ಸೆಟ್ಟಿ, ಚೆಟ್ಟಿ, ಶೇಟಿ ಹೇಗೆ ಬೇಕಾದ್ರೂ ಇರ್ಬಹುದು, ನಮ್ಮ ಜಿಲ್ಲೆಯ ಹಳೇ ಹೆಸ್ರು ಕನರಾ ಅನ್ನೋದನ್ನ ಸಿ ಅಕ್ಷರದಲ್ಲೂ ಬರೀತಿದ್ರು ಕೆ ಅಕ್ಷರದಲ್ಲೂ ಬರೀತಿದ್ರು, ಅದಕ್ಕೆ ಪೂರ್ತಿ ಹೆಸ್ರು ಟೈಪ್ ಮಾಡೋ ಬದ್ಲು ಮೊದಲ ಮೂರು ಅಕ್ಷರ ಹಾಕಿ ಸ್ಟಾರ್ ಗುರುತು ಕೊಡಿ, ಇಲ್ಲಾ ಹೆಸ್ರೇ ಬಿಟ್ಟು ವಯಸ್ಸು ಮತ್ತೆ ವರ್ಷದಿಂದ ಹುಡ್ಕಿ. ಅಳಿಯಸಂತಾನದ ಮನೆಗಳವ್ರು ಇನ್ನೊಂದು ನೆನಪಿಡಿ, ನಮ್ಮಲ್ಲಿ ಗುರುತು ತಾಯಿ ಕಡೆ ಮನೆಯಿಂದ, ಆದ್ರೆ ಪಾಸಲ್ಲಿ ಕೇಳ್ತಿದ್ದದ್ದು ತಂದೆ ಹೆಸ್ರು, ಹಾಗಾಗಿ ಮನೆ ಹೆಸ್ರಿನ ಜೊತೆ ಅವ್ರ ತಂದೆ ಹೆಸ್ರನ್ನೂ ಕೇಳಿ ಇಟ್ಕೊಳ್ಳಿ. ಹತ್ತಿರದ ಸಂಬಂಧಿ ಅಂತ ತಾಯಿ, ಅಕ್ಕತಂಗಿ ಅಥವಾ ಅಳಿಯನ (ಅಕ್ಕತಂಗಿಯ ಮಗನ) ಹೆಸ್ರು ಕಂಡ್ರೆ ಇವ್ರು ನಮ್ಮವ್ರಲ್ಲ ಅಂತ ಬಿಡ್ಬೇಡಿ.

ಒಂದು ಸಾಲು ಸಿಕ್ಕಿದ ಕೂಡ್ಲೇ ಇವ್ರೇ ಅಂತ ತೀರ್ಮಾನ ಮಾಡೋದು ಬೇಡ. ಹಡಗಿನವ್ರು ಮತ್ತೆ ಮತ್ತೆ ಬರ್ತಾರೆ, ಎರಡ್ಮೂರು ಲಿಸ್ಟಲ್ಲಿ ವಯಸ್ಸು, ಸರ್ವಿಸ್ಸು ಕ್ರಮವಾಗಿ ಏರ್ತಾ ಇದ್ಯಾ, ಎತ್ತರ ಹೊಂದುತ್ತಾ ನೋಡಿ. ಹಡಗಿನ ಹೆಸ್ರು ಸಿಕ್ಕಿದ್ರೆ ಮುಂಬೈ ಟೌನ್ ಹಾಲಿನ ಏಷಿಯಾಟಿಕ್ ಲೈಬ್ರರಿಗೆ ಹೋಗಿ ಆ ವಾರದ ಪೇಪರಲ್ಲಿ ಹಡಗು ಬಂದ ಹೋದ ಸುದ್ದಿ ಕೇಳಿ. ಕಾಳಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜ್ ಕಟ್ಟಡದಲ್ಲೇ ಮಹಾರಾಷ್ಟ್ರ ಸರ್ಕಾರದ ಆರ್ಕೈವ್ಸ್ ಇದೆ, ಐಡಿ ಕಾರ್ಡ್ ತಗೊಂಡು ಹೋಗಿ.

ಯುದ್ಧದ ಕಾಲದಲ್ಲಿ ಸುದ್ದಿ ನಿಂತು ಹೋದವ್ರಾದ್ರೆ ಬೇರೆ ದಾರಿ ಇದೆ. ಬೊಂಬಾಯಿಂದ ಆಫ್ರಿಕಕ್ಕೆ ಹೊರಟ ತಿಲಾವಾ ಅನ್ನೋ ಹಡಗು 1942ರ ನವೆಂಬರ್ 23ಕ್ಕೆ ಜಪಾನಿನ ಸಬ್‌ಮರೀನ್ ಹೊಡೆತಕ್ಕೆ ಮುಳುಗ್ತು, 280 ಜನ ಸತ್ರು, ಅಂಥದ್ದು ಅದೊಂದೇ ಅಲ್ಲ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಲ್ಲಿ ಫ್ರೀಯಾಗಿ ಹುಡ್ಕಬಹುದು, ಎರಡನೇ ಯುದ್ಧದಲ್ಲಿ ಸಮುದ್ರದಲ್ಲಿ ಸತ್ತ ಭಾರತದ ನಾವಿಕರ ಹೆಸ್ರು ಬಾಂಬೆ ಚಿತ್ತಗಾಂಗ್ ಮೆಮೋರಿಯಲ್ ಅನ್ನೋದ್ರ ಅಡಿಯಲ್ಲಿದೆ, ಹಡಗಿನ ಹೆಸ್ರು ತಾರೀಖು ಸಿಗುತ್ತೆ, ಕೆಲವ್ರದ್ದು ತಂದೆ ಹೆಸ್ರೂ ಇರುತ್ತೆ. ದೊಡ್ಡ ಮಾವ ನನಗೆ ಕೊನೆಗೆ ಸಿಕ್ಕಿದ್ದು ಅಲ್ಲೇ, ವಯಸ್ಸು ಕ್ರ್ಯೂ ಲಿಸ್ಟಿನ ಲೆಕ್ಕಕ್ಕೆ ಸರಿ ಬಂತು, ತಂದೆ ಹೆಸ್ರೂ ಸರಿ ಬಂತು.

ಅಜ್ಜಿ ಇರೋವರೆಗೂ ದಿನ ಗೊತ್ತಿಲ್ಲ ಅಂತ ಅಣ್ಣನಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಇಡ್ತಿದ್ರು. ಆ ತಾರೀಖನ್ನ ಊರಿನ ಭಟ್ರಿಗೆ ಫೋನಲ್ಲಿ ಹೇಳಿ ತಿಥಿ ತೆಗೆಸಿದ್ವಿ, ಈಗ ಎರಡು ವರ್ಷದಿಂದ ಅಮ್ಮ ಅದೇ ದಿನ ಇಡ್ತಿದ್ದಾರೆ.