ವಸಡಿನಿಂದ ರಕ್ತ ಬಂದರೆ ಬ್ರಷ್ ಬಿಡಬೇಡ್ರಿ

ಗಂಗಾವತಿಯಲ್ಲಿ ಹಲ್ಲಿನ ಡಾಕ್ಟರಾಗಿ ನಾನು ದಿನಾ ಕೇಳೋ ಮಾತು: "ರಕ್ತ ಬರ್ತದಂತ ತಿಕ್ಕೋದ ಬಿಟ್ಟೀನ್ರಿ ಮೇಡಂ." ದಯವಿಟ್ಟು ಬಿಡಬೇಡ್ರಿ. ಹಲ್ಲಿನ ಬುಡದಲ್ಲಿ ಕೂತ ಕೊಳೆಯಿಂದಲೇ ವಸಡು ಬಾತು ರಕ್ತ ಬರೋದು. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹಿಡಿದು, ಅಲ್ಲಲ್ಲೇ ಸಣ್ಣಗೆ ಆಡಿಸ್ರಿ. ಬೆಳಿಗ್ಗೆ, ರಾತ್ರಿ, ತಲಾ 2 ನಿಮಿಷ. ಇಟ್ಟಿಗೆ ಪುಡಿ, ತಂಬಾಕಿನ ಪುಡಿ ಬೇಡವೇ ಬೇಡ.

ಕಲ್ಲಿನಂತೆ ಗಟ್ಟಿಯಾದ ಕೊಳೆ ಬ್ರಷ್ಷಿಗೆ ಬಗ್ಗಲ್ಲ, ಸ್ಕೇಲಿಂಗೇ, ಅಂದ್ರೆ ಡಾಕ್ಟರ ಕಡೆಯಿಂದ ಆ ಕೊಳೆ ಕೆರೆದು ತೆಗೆಸೋದೇ ಆಗಬೇಕು. ಅದರಿಂದ ಹಲ್ಲು ಸಡಿಲಾಗ್ತವೆ ಅನ್ನೋದು ಸುಳ್ಳು. ಸಡಿಲ ಮಾಡೋದು ಒಳಗಿನ ಎಲುಬು ಕರಗಿಸೋ ರೋಗ. ತಂಬಾಕು ಹಾಕೋರಿಗೆ ವಸಡಿನಿಂದ ರಕ್ತ ಬರೋದು ಕಡಿಮೆ ಕಾಣಬಹುದು, ಅದನ್ನು ನೋಡಿ ವಸಡು ಚೆನ್ನಾಗಿದೆ ಅಂತ ನಂಬಬೇಡ್ರಿ. ಶುಗರ್ ಹತೋಟಿಗೆ ಬರದೆ ವಸಡು ವಾಸಿಯಾಗೋದು ಕಷ್ಟ. ಕೀವು ಬಂದರೆ, ಹಲ್ಲು ಅಲ್ಲಾಡಿದರೆ, ಭತ್ತದ ನಾಟಿ ಮುಗೀಲಿ ಅಂತ ಕಾಯದೆ ತೋರಿಸ್ರಿ.