ಸ್ಟ್ರ್ಯಾಪಿಂಗ್ ಮೆಷಿನ್‌ಗೆ ಕೈ ಹಾಕುವ ಮೊದಲು ಪ್ಲಗ್ ತೆಗೀರಿ ಮಾರ್ರೆ

ಮಂಗಳೂರಿನ ಬೈಕಂಪಾಡಿ ಕಡೆ ಗೋಡೌನ್‌ಗಳಿಗೆ ಹೋದ್ರೆ ಮೂಲೆಯಲ್ಲಿ ಸೊಂಟದ ಎತ್ತರದ ಒಂದು ಸ್ಟೀಲ್ ಟೇಬಲ್ ಕಾಣ್ತದೆ, ಅದೇ ಸ್ಟ್ರ್ಯಾಪಿಂಗ್ ಮೆಷಿನ್, ಮೇಲೆ ಬಾಕ್ಸ್ ಇಟ್ಟು ಪ್ಲಾಸ್ಟಿಕ್ ಪಟ್ಟಿ ಸುತ್ತಿ ತುದಿಯನ್ನು ಸಂದಿಗೆ ತೂರಿಸಿದ್ರೆ ಟರ್ರ್ ಅಂತ ಎಳೆದು ಬಿಗಿ ಮಾಡಿ ಅಂಟಿಸಿ ಕತ್ತರಿಸಿ ಬಿಡ್ತದೆ. ಗೇರುಬೀಜದವರಿಗಂತೂ ಅದಿಲ್ಲದೆ ಆಗುದಿಲ್ಲ, 11.34 ಕಿಲೋದ ಎರಡು ಪ್ಯಾಕ್ ಸೇರಿದ ಕಾರ್ಟನ್ ಅಂದ್ರೆ ಸಣ್ಣ ಭಾರವಾ, ಬರೀ ಟೇಪ್ ಹಚ್ಚಿದ್ರೆ ಲಾರಿಯಲ್ಲೇ ಬಾಯಿ ಬಿಡ್ತದೆ. ನೋಡ್ಲಿಕ್ಕೆ ಹೊಲಿಗೆ ಮೆಷಿನ್‌ನಷ್ಟು ಸಾಧು. ಅದಕ್ಕೇ ಯಾರೂ ಹೆದರುದಿಲ್ಲ, ತೊಂದ್ರೆ ಶುರುವಾಗುದೂ ಅಲ್ಲಿಂದಲೇ.

ಮೊದಲು ಒಳಗೆ ಎಂತ ಆಗ್ತದೆ ನೋಡಿ. ಪಟ್ಟಿ ತುದಿ ಒಂದು ಸಣ್ಣ ಸ್ವಿಚ್ಚಿಗೆ ತಾಗಿದ ಕೂಡ್ಲೆ ಒಂದು ಹಿಡಿತ ಮೇಲೆ ಬಂದು ತುದಿಯನ್ನು ಕಚ್ಚಿಕೊಳ್ತದೆ, ರೋಲರ್ ಹಿಂದಕ್ಕೆ ಎಳೆದು ಬಿಗಿ ಮಾಡ್ತದೆ, ಪಟ್ಟಿಯ ಎರಡು ಪದರದ ಮಧ್ಯಕ್ಕೆ ಬಿಸಿ ತಗಡು ನುಗ್ಗಿ ಹೊರಗೆ ಬರ್ತದೆ, ಬ್ಲೇಡ್ ಕತ್ತರಿಸ್ತದೆ, ಕೆಳಗಿಂದ ಒತ್ತಿ ಹಿಡಿದು ತಣ್ಣಗಾದ ಮೇಲೆ ಬಿಡ್ತದೆ. ಇಷ್ಟೂ ಎರಡು ಮೂರು ಸೆಕೆಂಡಲ್ಲಿ ಮುಗೀತದೆ, ನಿಮ್ಮ ಬೆರಳು ಅಲ್ಲಿದ್ರೆ ಅದಕ್ಕೆ ಪಟ್ಟಿ ಯಾವುದು ಬೆರಳು ಯಾವುದು ಗೊತ್ತಾಗುದಿಲ್ಲ.

ಹೊಸ ರೋಲ್ ಹಾಕುವಾಗ ಒಂದು ವಿಷಯ ನೆನಪಿರ್ಲಿ, ರೋಲ್‌ಗೆ ಕಟ್ಟಿದ ಕಟ್ಟುಗಳನ್ನು ಮೊದಲೇ ಕತ್ತರಿಸ್ಬೇಡಿ. ರೋಲನ್ನು ಚಕ್ರಕ್ಕೆ ಕೂರಿಸಿ, ಪಕ್ಕದ ತಟ್ಟೆ ಹಾಕಿ ನಟ್ಟು ಬಿಗಿ ಮಾಡಿ, ಆಮೇಲೆ ಕತ್ತರಿಸಿ. ಅವಸರದಲ್ಲಿ ಉಲ್ಟಾ ಮಾಡಿದ್ರೆ ಇಡೀ ರೋಲ್ ನೆಲದ ಮೇಲೆ ಶ್ಯಾವಿಗೆ ಆಗ್ತದೆ, ಅದನ್ನು ಬಿಡಿಸುದಕ್ಕಿಂತ ಬಿಸಾಡುದೇ ವಾಸಿ. ಪಟ್ಟಿಯ ಅಗಲಕ್ಕೆ ಸರಿಯಾಗಿ ಗೈಡ್ ಹೊಂದಿಸಿ, 12 ಎಂಎಂ ಪಟ್ಟಿಗೆ 15ರ ಜಾಗ ಬಿಟ್ರೆ ಅದು ಓರೆಯಾಗಿ ಹೋಗಿ ಜಾಯಿಂಟ್ ಒಂದರ ಮೇಲೊಂದು ಕೂರುದಿಲ್ಲ.

ಸ್ವಿಚ್ ಹಾಕಿದ ತಕ್ಷಣ ಕೆಲಸ ಶುರು ಮಾಡ್ಬೇಡಿ, ಹೀಟರ್ ಬಿಸಿಯಾಗ್ಲಿ, ಅಷ್ಟರಲ್ಲಿ ಒಂದು ಚಾ ಕುಡೀಬಹುದು. ಖಾಲಿ ಬಾಕ್ಸಿಗೆ ಒಂದು ಪಟ್ಟಿ ಹಾಕಿ ಜಾಯಿಂಟನ್ನು ಕೈಯಿಂದ ಸಿಗಿದು ನೋಡಿ. ಕಾಗದದ ಹಾಗೆ ಸಲೀಸಾಗಿ ಬಿಟ್ಟುಕೊಂಡ್ರೆ ಬಿಸಿ ಸಾಲ್ಲಿಲ್ಲ, ಜಾಯಿಂಟ್ ಪಕ್ಕ ಪಟ್ಟಿ ತೆಳ್ಳಗಾಗಿ ತುಂಡಾದ್ರೆ ಅಥವಾ ಹೊಗೆ ಬಂದ್ರೆ ಬಿಸಿ ಜಾಸ್ತಿ. ಆದ್ರೆ ಎಲ್ಲದಕ್ಕೂ ಹೀಟ್ ಗುಂಡಿ ತಿರುಗಿಸುವ ಅಭ್ಯಾಸ ಉಂಟಲ್ಲ, ಅದು ನನಗೆ ಸರಿ ಕಾಣುದಿಲ್ಲ. ನಾನು ನೋಡಿದ ಹೆಚ್ಚಿನ ಕೇಸಲ್ಲಿ ತಗಡಿನ ಮೇಲೆ ಕರಗಿದ ಪ್ಲಾಸ್ಟಿಕ್ ಕರಿ ಕಟ್ಟಿರ್ತದೆ ಅಷ್ಟೇ, ಬಿಸಿ ಪಟ್ಟಿಗೆ ಮುಟ್ಟುದೇ ಇಲ್ಲ. ಹಿತ್ತಾಳೆ ಬ್ರಷ್ಷಲ್ಲಿ ಉಜ್ಜಿದ್ರೆ ಮುಗೀತು. ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ, ಆಯ್ತಾ? ಪಿಪಿ ಅಂದ್ರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಪಟ್ಟಿ ಕರಗುದು ಸುಮಾರು 160 ಡಿಗ್ರಿಗೆ, ತಗಡು ಅದಕ್ಕಿಂತ ಎಷ್ಟೋ ಬಿಸಿ, ಸ್ವಿಚ್ ಆಫ್ ಮಾಡಿ ತುಂಬಾ ಹೊತ್ತು ಹಾಗೇ ಇರ್ತದೆ.

ಪಟ್ಟಿ ಒಳಗೆ ಸಿಕ್ಕಿಕೊಂಡಾಗಲೇ ಕೈ ಹೋಗುದು. ಹೊರಗೆ ಲಾರಿ ಹಾರ್ನ್ ಹೊಡೀತಾ ಇರ್ತದೆ, ಸೂಪರ್‌ವೈಸರ್ ಮುಖ ಸಿಂಡರಿಸಿ ನಿಂತಿರ್ತಾರೆ, ನಾವು ಆಫ್ ಕೂಡ ಮಾಡದೆ ಎರಡು ಬೆರಳು ತೂರಿಸ್ತೇವೆ, ಸಿಕ್ಕಿದ್ದು ಬಿಡಿಸಿಕೊಂಡ ಕೂಡ್ಲೆ ಆ ಸಣ್ಣ ಸ್ವಿಚ್ ಒತ್ತಿಹೋಗಿ ಮೆಷಿನ್ ನಿಲ್ಲಿಸಿದ ಕೆಲಸ ಮುಂದುವರಿಸ್ತದೆ. ಆಫ್ ಮಾಡಿದ್ರೂ ಸಾಲದು, ಸ್ವಿಚ್ ಆ ಬದಿ ನೀವು ಈ ಬದಿ, ಯಾರೋ ಬಂದು ಆನ್ ಮಾಡ್ತಾರೆ. ಪ್ಲಗ್ ತೆಗೆದು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಶಾಲು, ಉದ್ದ ಕೂದಲು, ಕೈಗೆ ಕಟ್ಟಿದ ದಾರ ಇದೆಲ್ಲ ಒಳಗೆ ಸೇರಿಸಿ ಕಟ್ಟಿಕೊಂಡು ನಿಲ್ಲಿ.

ಇನ್ನೊಂದು, ಬಿಗಿ ಪಟ್ಟಿ ಕತ್ತರಿಸುದು. ನಾನೊಮ್ಮೆ ಬಾಕ್ಸ್ ಮೇಲೆ ಬಗ್ಗಿ ಬ್ಲೇಡಲ್ಲಿ ಕೊಯ್ದದ್ದು, ಪಟ್ಟಿ ಚಾಟಿಯ ಹಾಗೆ ಹಾರಿ ಹುಬ್ಬಿಗೆ ಬಡೀತು, ಅರ್ಧ ಇಂಚು ಕೆಳಗಾಗಿದ್ರೆ ಕಣ್ಣೇ. ಈಗ ಒಂದು ಕೈಯಿಂದ ಪಟ್ಟಿಯನ್ನು ಬಾಕ್ಸಿಗೆ ಒತ್ತಿ ಹಿಡಿದು, ಪಕ್ಕಕ್ಕೆ ನಿಂತು, ಕನ್ನಡಕ ಹಾಕಿಯೇ ಕಟ್ಟರಲ್ಲಿ ಕತ್ತರಿಸ್ತೇನೆ.

ನಮ್ಮ ಊರಿನ ಮಳೆಗೆ ಮೆಷಿನ್‌ಗೂ ಜ್ವರ ಬರ್ತದೆ. ಜೂನಿಂದ ಸಪ್ಟೆಂಬರ್ ತನಕ ತೇವ, ಮೇಲಿಂದ ಸಮುದ್ರದ ಉಪ್ಪುಗಾಳಿ, ಸ್ಪ್ರಿಂಗು ಸ್ಕ್ರೂ ಎಲ್ಲ ತುಕ್ಕು. ಮಲ್ಪೆ ಬದಿ ಮೀನಿನ ಥರ್ಮಾಕೋಲ್ ಬಾಕ್ಸ್ ಕಟ್ಟುವಲ್ಲಿ ನೆಲವೇ ಉಪ್ಪು ನೀರು, ಅಂಥಲ್ಲಿ ಎಕ್ಸ್‌ಟೆನ್ಶನ್ ವಯರ್ ನೆಲದಲ್ಲಿ ಬಿಡ್ಲೇಬಾರ್ದು, ಅರ್ತಿಂಗ್ ಸರಿ ಇರ್ಬೇಕು, ಕರೆಂಟ್ ಸೋರಿದ ಕೂಡ್ಲೆ ಲೈನ್ ಕಟ್ ಮಾಡುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ ಹಾಕಿಸಿ, ಖರ್ಚು ಅಂತ ಲೆಕ್ಕ ಹಾಕ್ಬೇಡಿ. ಕರೆಂಟ್ ಹೋದ್ರೆ ಮೆಷಿನನ್ನೂ ಆಫ್ ಮಾಡಿಡಿ, ಇಲ್ಲಾಂದ್ರೆ ಬಂದ ಕೂಡ್ಲೆ ಅರ್ಧದಲ್ಲಿ ನಿಂತದ್ದು ತನ್ನಷ್ಟಕ್ಕೆ ಹೊರಡ್ತದೆ.

ದಿನಾ ಸಂಜೆ ಟೇಬಲ್‌ನ ಮೇಲಿನ ತಗಡು ಎತ್ತಿ ಪಟ್ಟಿ ಚೂರು, ಧೂಳು ಬ್ರಷ್ಷಲ್ಲಿ ತೆಗೀರಿ. ಏರ್ ಹೊಡೆದ್ರೆ ಚೂರೆಲ್ಲ ಇನ್ನೂ ಒಳಗೆ ಸೇರ್ತದೆ. ವಾರಕ್ಕೊಮ್ಮೆ ಜಾರುವ ಭಾಗಗಳಿಗೆ ಒಂದೊಂದು ಹನಿ ಎಣ್ಣೆ ಸಾಕು, ರೋಲರಿಗೆ ಮಾತ್ರ ತಾಗಿಸ್ಬೇಡಿ, ಪಟ್ಟಿ ಜಾರಿ ಬಿಗಿಯೇ ಬರುದಿಲ್ಲ, ಆಗ ನಮ್ಮವರು ಟೆನ್ಶನ್ ಗುಂಡಿ ಪೂರ್ತಿ ತಿರುಗಿಸ್ತಾರೆ.

ಕಂಟೇನರ್ ಒಳಗೆ ಭಾರದ ಮಾಲು ಕಟ್ಟುವ ಪಾಲಿಯೆಸ್ಟರ್ ನೂಲಿನ ಕಾರ್ಡ್ ಪಟ್ಟಿ ಬೇರೆ, ಅದಕ್ಕೆ ಹೀಟರ್ ಇಲ್ಲ, ತಂತಿಯಿಂದ ಮಾಡಿದ ಬಕಲ್‌ಗೆ ಪೋಣಿಸಿ, ಬಿಗಿ ಮಾಡುವ ಕೈ ಟೆನ್ಶನರಲ್ಲಿ ಎಳೆಯುದು. ಬಕಲ್ ಮೂಲೆಯ ಮೇಲೆ ಬರದೆ ಸಪಾಟಾದ ಜಾಗದಲ್ಲಿ ಕೂರ್ಬೇಕು. ಒಮ್ಮೆ ಬಿಚ್ಚಿದ ಕಾರ್ಡನ್ನು ಪುನಃ ಕಟ್ಟುವ ಆಸೆ ಬೇಡ, ಅದರಲ್ಲಿ ಬಟ್ಟೆ ಒಣಗಿಸಿ, ಅದಕ್ಕೆ ಅಡ್ಡಿಯಿಲ್ಲ.